ಮುದಲೆ ಬತ್ತ್ಂಡ್

ಈ ವಯಸ್ಸಿನಲ್ಲಿ ಉಳಿದವರ ಬಾಯಿಗೆ ರಾಮನಾಮ ಬರುತ್ತದೆ. ನನ್ನ ಬಾಯಿಗೆ ಮೊಸಳೆಯ ಹೆಸರು ಬರುತ್ತದೆ, ಅದೂ ತುಳುವಿನಲ್ಲಿ. ನಾನು ತುಳುವನಲ್ಲ, ಅರಸೀಕೆರೆ ಕಡೆಯವನು, ಪಟ್ಟು ಹಿಡಿದು ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ನನಗೆ ಗೊತ್ತಿದ್ದ ನಾಲ್ಕಾರು ತುಳು ಪದಗಳಲ್ಲಿ ಒಂದರಿಂದ ಗೆಳೆಯನ ಅನ್ನ ಕಿತ್ತೆ. ಅದನ್ನು ಹೇಳಿ ಮುಗಿಸುತ್ತೇನೆ. ರಾಮ ಸ್ವಲ್ಪ ಕಾಯಲಿ.

1990ರಲ್ಲಿ ನಾನು ಕುವೈತಿನಲ್ಲಿದ್ದೆ. ನಗರದಿಂದ ದಕ್ಷಿಣಕ್ಕೆ, ಸಮುದ್ರದ ದಂಡೆಯಲ್ಲಿ ಒಂದು ರೆಸಾರ್ಟು. ಎದುರಿಗಿದ್ದ ಸಮುದ್ರ ಸಾಲದೆಂದು ಮಾಲೀಕ ಮರಳು ತೋಡಿಸಿ, ಟ್ಯಾಂಕರಿನಲ್ಲಿ ನೀರು ತರಿಸಿ, ಒಂದು ಕೆರೆ ಮಾಡಿಸಿದ್ದ. ಅದರಲ್ಲಿ ಅತಿಥಿಗಳಿಗೆ ಪೆಡಲ್ ದೋಣಿಗಳು. ಕೆರೆ ಕಾಯುವವನು ನಾನು. ಟೋಪಿ, ಸೀಟಿ, ಒಂದು ಉದ್ದನೆಯ ಕೋಲು. ಊರಿನ ಹೆಸರಲ್ಲೇ ಕೆರೆ ಇದ್ದವನಿಗೆ ತಕ್ಕ ಕೆಲಸ ಎಂದು ಬೀಗಿದ್ದೆ.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಮಾಲೀಕ ಒಂದು ಅಲಿಗೇಟರ್, ಎಂದರೆ ಮೊಸಳೆಯ ದಾಯಾದಿ, ಕಳಿಸಿದ. ಮರಿಯಾಗಿದ್ದಾಗ ಯಾರೋ ಉಡುಗೊರೆ ಕೊಟ್ಟಿದ್ದರಂತೆ. ಮನೆಯ ಈಜುಕೊಳದಲ್ಲಿ ಅದು ಆಳುದ್ದ ಬೆಳೆದ ಮೇಲೆ ಹೆಂಡತಿ, ಅದಿರಬೇಕು ಇಲ್ಲ ನಾನಿರಬೇಕು ಎಂದಳಂತೆ. ಮಾಲೀಕ ಸ್ವಲ್ಪ ಯೋಚಿಸಿ ಹೆಂಡತಿಯನ್ನೇ ಇಟ್ಟುಕೊಂಡ.

ಅದರ ಬೆನ್ನಿಗೇ ಒಬ್ಬ ವಿದೇಶಿ ಬಂದು ನಮಗೆಲ್ಲ ಪಾಠ ಮಾಡಿದ. ಕೆರೆಯ ಒಂದು ಮೂಲೆಗೆ ಕಬ್ಬಿಣದ ಜಾಲರಿ ಹಾಕಿ ಅಲ್ಲಿಡಬೇಕು. ದಡಕ್ಕೆ ಹಗ್ಗ ಕಟ್ಟಬೇಕು, ಬೋರ್ಡು ನಿಲ್ಲಿಸಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಅತಿಥಿಗಳ ಎದುರಿಗೆ ಅದಕ್ಕೆ ತಿನ್ನಲು ಹಾಕಕೂಡದು. ಮನುಷ್ಯರು ಕಂಡರೆ ಊಟ ಬಂತು ಎಂದು ಕಲಿತುಬಿಟ್ಟರೆ, ಆಮೇಲೆ ಅದು ಕೋಳಿಗೂ ಮನುಷ್ಯನಿಗೂ ಭೇದ ಮಾಡುವುದಿಲ್ಲ. ಕೊನೆಗೆ, ಇದು ಮೊಸಳೆಯಲ್ಲ, ಮೂತಿ ನೋಡಿ ಎಂದ. ಮೂತಿಯ ಹತ್ತಿರ ಹೋಗಿ ನೋಡುವ ಉತ್ಸಾಹ ಯಾರಿಗೂ ಇರಲಿಲ್ಲ. ಮೊಸಳೆ ಎಂದೇ ಇಟ್ಟುಕೊಂಡೆವು.

ದಿನಾ ಬೆಳಿಗ್ಗೆ ಅದಕ್ಕೆ ಕೋಳಿ ಹಾಕುವ ಕೆಲಸ ತೋಟದವನ ಪಾಲಿಗೆ ಬಂತು. ಅವನು ಕಾರ್ಕಳ ಕಡೆಯ ತುಳುವ, ನನ್ನದೇ ಕೋಣೆಯವನು. ಊರಲ್ಲಿ ಅವನ ಹೊಸ ಮನೆಯ ಗೋಡೆ ಎದೆಮಟ್ಟಕ್ಕೆ ಬಂದು ನಿಂತಿತ್ತು. ಆ ದೇಶದಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ಜುಲೈಗೆ ಮುಗಿಯುತ್ತಿತ್ತು. ಅದು ಹೊಸದಾದರೆ ಮನೆಗೆ ಸೂರು, ಇಲ್ಲದಿದ್ದರೆ ಇಲ್ಲ. ಹೊಸದಾಗಬೇಕಾದರೆ ಮುದೀರ್, ಎಂದರೆ ಮ್ಯಾನೇಜರ್, ಹೂಂ ಅನ್ನಬೇಕು. ಹಾಗಾಗಿ ಅವನು ತುಟಿ ಬಿಚ್ಚದೆ ಬಕೆಟ್ ಎತ್ತಿಕೊಂಡ.

"ನಿಮ್ಮ ತುಳುವಲ್ಲಿ ಇದಕ್ಕೇನಂತಾರಪ್ಪಾ?" ಎಂದು ಕೇಳಿದೆ.

"ಮುದಲೆ."

"ಹಂಗಾದ್ರೆ ನಮ್ಮ ಮುದೀರೂ ಮುದಲೇನೇ ಬಿಡು. ಬಿಸಿಲಿಗೆ ಬಾಯಿ ಬಿಟ್ಕೊಂಡು ಬಿದ್ದಿರ್ತಾನೆ, ಹತ್ರ ಹೋದ್ರೆ ಕಚ್ತಾನೆ."

"ಒಂದು ವ್ಯತ್ಯಾಸ ಉಂಟು ಮಾರಾಯ. ಇದು ಕೋಳಿ ತಿಂದ ಮೇಲೆ ಸುಮ್ಮನಾಗ್ತದೆ."

ಕ್ಯಾಂಟೀನಿನಲ್ಲಿ ಚಹಾ ಮಾಡುತ್ತಿದ್ದವನು ಮಂಗಳೂರಿನ ಬ್ಯಾರಿ. ತುಳು ಅವನಿಗೂ ನೀರು ಕುಡಿದಷ್ಟು ಸಲೀಸು. ಮೂವರಿಗೂ ಅದೇ ಗುಟ್ಟಿನ ಮಾತಾಯಿತು. ಮ್ಯಾನೇಜರನ ಕಾರು ಕಂಡವರು "ಮುದಲೆ ಬತ್ತ್ಂಡ್" ಎಂದು ಕೂಗಬೇಕು. ಮೊಸಳೆ ಬಂತು ಎಂದರ್ಥ. ಗಂಡಸು ಬಂದರೆ ತುಳುವಿನಲ್ಲಿ "ಬತ್ತೆ" ಎನ್ನಬೇಕಂತೆ. ಅಷ್ಟು ಮರ್ಯಾದೆಯನ್ನೂ ನಾವು ಅವನಿಗೆ ಕೊಡಲಿಲ್ಲ.

ಒಂದು ದಿನ ಅದು ಅವನ ಕಿವಿಗೆ ಬಿತ್ತು. ಮುದಲೆ ಎಂದರೇನು ಎಂದು ನನ್ನನ್ನೇ ಕೇಳಿದ. "ನಮ್ಮ ಭಾಷೆಯಲ್ಲಿ ಮುದೀರ್ ಎಂದೇ ಅರ್ಥ ಸಾಹೇಬರೇ, ಬಹಳ ಗೌರವದ ಮಾತು" ಎಂದೆ. ಅವನಿಗೆ ತುಂಬ ಹಿಡಿಸಿತು. ಮರುದಿನ ಬಂದವನೇ ಎದೆ ತಟ್ಟಿಕೊಂಡು "ಅನಾ ಮುದಲೆ!" ಎಂದ. ನಾನೇ ಮುದಲೆ. ಚಹಾದವನು ಏನೋ ಬೀಳಿಸಿಕೊಂಡವನಂತೆ ಮೇಜಿನ ಕೆಳಗೆ ಹುಡುಕುತ್ತ ಕೂತ.

ಜೂನಿನ ಒಂದು ಶುಕ್ರವಾರ. ರೆಸಾರ್ಟು ತುಂಬಿ ತುಳುಕುತ್ತಿತ್ತು. ನಾನು ಟೋಪಿ ತೆಗೆದಿಟ್ಟು, ನೆರಳಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದೆ. ಕೆರೆಯ ಆಚೆ ದಡದಿಂದ ತೋಟದವನ ಕೂಗು ಬಂತು.

"ಮುದಲೆ ಬತ್ತ್ಂಡ್! ಮುದಲೆ ಬತ್ತ್ಂಡ್!"

ಲೋಟವನ್ನು ಹೂಕುಂಡದ ಹಿಂದೆ ಬಚ್ಚಿಟ್ಟೆ, ಟೋಪಿ ಏರಿಸಿದೆ, ಗೇಟಿನ ಕಡೆ ಓಡಿ ಸಲಾಮು ಹೊಡೆಯಲು ಸೆಟೆದು ನಿಂತೆ. ಚಹಾದವನು ಸಿಗರೇಟು ಎಸೆದು ಮೇಜು ಒರೆಸತೊಡಗಿದ. ಮೊಸಳೆ ಬಂತೆಂದು ಕೂಗಿದರೆ ಕಾವಲುಗಾರ ಕೆರೆಗೆ ಬೆನ್ನು ಹಾಕಿ ಗೇಟಿಗೆ ಓಡುವುದನ್ನು ತೋಟದವನು ಕಂಡ. ಗಂಟಲು ಹರಿಯುವಂತೆ ಮತ್ತೆ ಕೂಗಿದ.

"ಆಯೆ ಅತ್ತ್ ಮಾರಾಯಾ, ಅವು!"

ಅವನಲ್ಲ, ಅದು ಎಂದು. ಆಗ ತಿರುಗಿ ನೋಡಿದೆ. ಜಾಲರಿಯ ಒಂದು ಮೂಲೆ ಮೇಲೆದ್ದಿತ್ತು. ಕೆರೆಯ ನಡುವೆ ದೋಣಿಯಲ್ಲಿ ದಡೂತಿ ಗೃಹಸ್ಥನೊಬ್ಬ ಕಾಲು ಇಳಿಬಿಟ್ಟು ಕೂತಿದ್ದ. ಅವನತ್ತ ಎರಡು ಕಣ್ಣು, ಒಂದು ಮೂತಿ ನೀರು ಸೀಳಿಕೊಂಡು ಹೋಗುತ್ತಿದ್ದವು. ನಾನು ಸೀಟಿ ಊದಿದೆ. ಗೃಹಸ್ಥ ನನ್ನತ್ತ ಕೈ ಬೀಸಿದ.

ಕೋಲು ಹಿಡಿದು ನಾನು ದಡ ಮುಟ್ಟುವಷ್ಟರಲ್ಲಿ ತೋಟದವನು ಬಕೆಟ್ ಬಡಿದು ಸದ್ದು ಮಾಡಿ, ಕೋಳಿಯ ತುಂಡುಗಳನ್ನು ತನ್ನ ಕಾಲ ಬುಡದ ನೀರಿಗೇ ಎಸೆಯುತ್ತಿದ್ದ. ಪ್ರಾಣಿ ಗೃಹಸ್ಥನ ಒಂದು ಚಪ್ಪಲಿ ಕಿತ್ತುಕೊಂಡು, ಅದರ ರುಚಿ ಸೇರದೆ, ಕೋಳಿಯ ಕಡೆ ತಿರುಗಿತು. ಗೃಹಸ್ಥ ದೋಣಿ ತುಳಿದ ವೇಗ ನೋಡಿದ್ದರೆ ಯಾವ ಸೈಕಲ್ ಪಂದ್ಯದವನೂ ನಾಚಬೇಕಿತ್ತು.

ನಿಜವಾದ ಮುದಲೆ ಕಾರಿನಿಂದ ಇಳಿದದ್ದು ಆಗಲೇ. ಅವನು ಕಂಡದ್ದು ಇಷ್ಟು: ಅತಿಥಿಗಳೆಲ್ಲರ ಕಣ್ಣೆದುರು ತೋಟದವನು ಮೊಸಳೆಗೆ ಕೋಳಿ ಹಾಕುತ್ತಿದ್ದಾನೆ. ಇದ್ದ ದೊಡ್ಡ ನಿಯಮವೇ ಮುರಿದಿತ್ತು. ಜಾಲರಿ ಕೆಳಗೆ ಕಿತ್ತದ್ದನ್ನು ಆಮೇಲೆ ನೋಡಿದರು. ನೋಡಿಕೊಳ್ಳಬೇಕಾದವನು ಕಾವಲುಗಾರ. ಅದರ ಬಗ್ಗೆ ನಾನು ಬಾಯಿ ಬಿಡಲಿಲ್ಲ.

"ಕಾವಲುಗಾರನನ್ನು ಯಾಕೆ ಕರೆಯಲಿಲ್ಲ?" ಎಂದು ಮ್ಯಾನೇಜರ್ ಅರಬಿ-ಹಿಂದಿ ಬೆರೆಸಿ ಗುಡುಗಿದ.

"ಕೂಗಿದೆ ಸಾಬ್. ಮುದಲೆ, ಮುದಲೆ ಅಂತ ಎಷ್ಟು ಕೂಗಿದೆ!" ಎಂದ ತೋಟದವನು.

"ನನ್ನನ್ನಾ? ನಾನು ಇಲ್ಲಿರಲೇ ಇಲ್ಲವಲ್ಲ!" ಮ್ಯಾನೇಜರ್ ನನ್ನತ್ತ ತಿರುಗಿದ. "ಇವನು ನನ್ನನ್ನು ಕರೆಯುತ್ತಿದ್ದನೇ?"

ತೋಟದವನು ನನ್ನ ಮುಖ ನೋಡಿದ. ಅಲ್ಲ, ಮುದಲೆ ಎಂದರೆ ಮೊಸಳೆ, ನಿಮಗೆ ಆ ಹೆಸರಿಟ್ಟವನು ನಾನು ಎಂದು ಹೇಳಿದ್ದರೆ ಅವನು ಉಳಿಯುತ್ತಿದ್ದ. ಸಂಜೆಯೊಳಗೆ ನಾನು ಗಂಟುಮೂಟೆ ಕಟ್ಟುತ್ತಿದ್ದೆ.

"ಐವಾ," ಎಂದೆ. ಹೌದು.

"ಮೊಸಳೆ ಹೊರಗೆ ಬಂದಿದೆ, ಈ ಕತ್ತೆ ಮ್ಯಾನೇಜರನ್ನು ಕರೆಯುತ್ತ ನಿಂತಿದೆ! ಖಲಾಸ್!"

ಇಕಾಮಾ ಹೊಸದಾಗಲಿಲ್ಲ. ಜುಲೈಯಲ್ಲಿ ತೋಟದವನು ಪೆಟ್ಟಿಗೆ ಕಟ್ಟಿದ. ಬಯ್ಯುತ್ತಾನೆಂದು ಕಾದೆ, ಬಯ್ಯಲಿಲ್ಲ. "ನಿನ್ನ ಲೋಟ ಆ ಹೂಕುಂಡದ ಹಿಂದೆಯೇ ಉಂಟು ನೋಡು" ಎಂದಷ್ಟೇ ಹೇಳಿ ಹೋದ. ಮರುದಿನ ನಾನು ಕ್ಯಾಂಟೀನಿಗೆ ಕಾಲಿಟ್ಟೊಡನೆ ಚಹಾದವನು ಪಾತ್ರೆಯಿಂದ ತಲೆ ಎತ್ತದೆ ಹೇಳಿದ.

"ಮುದಲೆ ಬತ್ತ್ಂಡ್."

ಹಿಂದೆ ನೋಡಿದೆ. ಯಾರೂ ಇರಲಿಲ್ಲ.

ಆಗಸ್ಟಿನಲ್ಲಿ ಇರಾಕಿ ಸೈನ್ಯ ನುಗ್ಗಿತು. ಮ್ಯಾನೇಜರ್ ರಜೆಗೆ ಹೋದವನು ಹೋದವನೇ. ಟ್ಯಾಂಕರ್ ನಿಂತು ಕೆರೆ ಇಳಿಯುತ್ತ ಬಂತು, ಥೇಟ್ ನಮ್ಮೂರ ಕೆರೆಯ ಹಾಗೆ. ಉಳಿದ ಕೆಸರಿನಲ್ಲಿ ಪ್ರಾಣಿ ಮಲಗಿರುತ್ತಿತ್ತು, ನಾವು ನಮ್ಮ ಪಾಲಿನ ಖುಬೂಸ್ ರೊಟ್ಟಿ ಎಸೆಯುತ್ತಿದ್ದೆವು. ಸೈನಿಕರು ಬಂದು ರೆಸಾರ್ಟಿನಲ್ಲಿ ಬೀಡುಬಿಟ್ಟ ಮೇಲೆ ನಮ್ಮನ್ನು ಹೊರಗಟ್ಟಿದರು. ಅದರ ಗತಿ ಏನಾಯಿತೋ ಕಾಣೆ. ಬಸ್ಸು ಹಿಡಿದು, ಬಾಗ್ದಾದ್ ದಾಟಿ, ಅಮ್ಮಾನ್‌ನಿಂದ ವಿಮಾನದಲ್ಲಿ ಮುಂಬಯಿಗೆ ಬಂದು ಬಿದ್ದೆವು.

ತಪ್ಪೊಪ್ಪಿಕೊಳ್ಳಬೇಕೆಂದು 1991ರಲ್ಲಿ ಕಾರ್ಕಳಕ್ಕೆ ಹೋದೆ. ತೋಟದವನು ರಸ್ತೆ ಬದಿಯಲ್ಲಿ ಕ್ರೋಟನ್, ದಾಸವಾಳದ ಸಸಿ ಮಾರುತ್ತಿದ್ದ. ಹಿಂದೆಯೇ ಮನೆ. ಗೋಡೆ ಎದೆಮಟ್ಟದಿಂದ ಮೇಲೇಳದೆ, ಅದರ ಮೇಲೇ ಶೀಟು ಹೊದಿಸಿದ್ದ. ಒಳಗೆ ಹೋಗಲು ನಾನು ನಡು ಬಗ್ಗಿಸಬೇಕಾಯಿತು. ಬಗ್ಗಿದವನಿಗೆ ಮತ್ತೆ ನೆಟ್ಟಗಾಗಲು ಜಾಗವಿರಲಿಲ್ಲ.

ನಾನು ಕುವೈತಿನಿಂದ ಬಂದವನೆಂದು ತಿಳಿದು ನೆರೆಯವರು ಸೇರಿದರು. "ಇವರಿಗೆ ಮೊದಲೇ ಗೊತ್ತಿತ್ತಂತೆ, ಯುದ್ಧ ಆಗ್ತದೆ ಅಂತ. ಅದಕ್ಕೇ ಜುಲೈಯಲ್ಲಿ ಕೆಲಸ ಬಿಟ್ಟು ಬಂದದ್ದಂತೆ" ಎಂದರು ಒಬ್ಬ ಹಿರಿಯರು. ತೋಟದವನ ಹೆಂಡತಿ ಬೆಲ್ಲ, ನೀರು ತಂದಿಟ್ಟು ಹೆಮ್ಮೆಯಿಂದ ನಿಂತಳು.

"ಇಲ್ಲ, ಅದು ನಾನು..." ಎಂದು ಶುರು ಮಾಡಿದೆ.

"ನೀನು ಬಾಯಿ ಮುಚ್ಚಿ ಬೆಲ್ಲ ತಿನ್ನು ಮಾರಾಯ," ಎಂದ ತೋಟದವನು. "ಅಲ್ಲಿ ಮುಚ್ಚಲಿಕ್ಕೆ ಬರ್ತಿತ್ತಲ್ಲ ನಿಂಗೆ? ಇಲ್ಲಿಯೂ ಮುಚ್ಚು."

ಮುಚ್ಚಿದೆ. ಅವನ ಗೋಡೆ ತಿಂದವನು ನಾನು, ಅವನಿಗೆ ಉಳಿದಿದ್ದ ಹೆಸರನ್ನೂ ತಿನ್ನುವುದೇ? ಸಂಜೆ ಬಸ್ ಸ್ಟಾಪಿನವರೆಗೆ ಬಂದ.

"ಮುದಲೆ ಎಂತ ಆಯ್ತು?" ಎಂದ.

"ಯಾವುದು?"

"ಮೂರು ಉಂಟಂತಲ್ಲ. ಚಹಾದವ ಬಂದಿದ್ದ, ಹೇಳಿದ."

"ಎರಡರದ್ದು ಗೊತ್ತಿಲ್ಲ ಕಣಪ್ಪಾ," ಎಂದೆ. "ಮೂರನೇದು ಬಸ್ಸಿಗೆ ಕಾಯ್ತಾ ಐತೆ."

ಅವನು ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ಬಸ್ಸು ತಿರುವಿನಲ್ಲಿ ಕಂಡಿತು. ಕೈ ಅಡ್ಡ ಹಿಡಿದು ನಿಲ್ಲಿಸಿದವನು ಅವನೇ.