ಮಗಳ ಅಳತೆಯ ಸೈಕಲ್

ಹೋದ ತಿಂಗಳು ಹೊನ್ನಾಳಿಯ ಸೈಕಲ್ ಅಂಗಡಿಯೊಂದರಲ್ಲಿ ನಾನು ಹಸಿ ಸುಳ್ಳು ಹೇಳಿದೆ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿರುವವಳು ನಾನು. ಉತ್ತರ ತಪ್ಪಾದರೂ ಪರವಾಗಿಲ್ಲ, ಕಾಪಿ ಮಾತ್ರ ಹೊಡೆಯಬೇಡಿ ಎಂದು ಮಕ್ಕಳಿಗೆ ದಿನಾ ಬುದ್ಧಿ ಹೇಳುವವಳು. ಅಂಗಡಿಯವರು ಕೇಳಿದ್ದು ಒಂದೇ ಒಂದು ಪ್ರಶ್ನೆ.

"ಯಾರಿಗ್ರೀ ಮೇಡಂ ಸೈಕಲ್ಲು?"

ನನಗೆ ಎನ್ನಬೇಕಿತ್ತು. ಬಾಯಿಗೆ ಬಂದಿದ್ದು, "ಮಗಳಿಗೆ."

ಮನೆಯಿಂದ ಹೊರಡುವಾಗ ಮನಸ್ಸಿನಲ್ಲಿ ಇಂಥ ಯೋಚನೆಯೇ ಇರಲಿಲ್ಲ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಇಬ್ಬರೂ ತಿರುಗಿ ನೋಡಿದರು. ನಲವತ್ತೆಂಟು ವರ್ಷದ, ಕನ್ನಡಕ ಹಾಕಿದ, ನ್ಯಾಮತಿಯ ಅರ್ಧ ಊರಿಗೆ ಪರಿಚಯವಿರುವ ಟೀಚರ್ ಒಬ್ಬಳು ತನಗೇ ಸೈಕಲ್ ಬೇಕು ಎಂದರೆ ಮುಂದಿನ ಪ್ರಶ್ನೆ ಏನು ಬರುತ್ತದೆ? "ಯಾಕೆ?" ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಉತ್ತರವಿರಲಿಲ್ಲ ಎಂದರೆ, ಹೇಳಿಕೊಳ್ಳುವಂಥ ಉತ್ತರವಿರಲಿಲ್ಲ. ಶಾಲೆಗೆ ಹೋಗಲು ಸ್ಕೂಟರ್ ಇದೆ. ದೇವರ ದಯೆ, ಶುಗರ್ ಇಲ್ಲ, ಬಿ.ಪಿ.ಯೂ ಇಲ್ಲ. ಆಗಿದ್ದಿಷ್ಟೇ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅಂಗಳದಲ್ಲಿ ಯಾರದೋ ಸೈಕಲ್ ನಿಂತಿತ್ತು. ಸುತ್ತಮುತ್ತ ಯಾರೂ ಇರಲಿಲ್ಲ. ಹತ್ತಿ ಒಂದು ಸುತ್ತು ಹೊಡೆದೆ. ಆಮೇಲೆ ಇನ್ನೊಂದು. ಇಳಿದಾಗ ನನಗೆ ಅಳು ಬರುವಷ್ಟು ಖುಷಿಯಾಗಿತ್ತು. ಅಷ್ಟೇ ಕಾರಣ.

ತವರೂರು ಕತ್ತಲಗೆರೆಯಲ್ಲಿ ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವಳು ನಾನು. (ಸೀಟು ಎಟುಕದ ಮಕ್ಕಳು ಅಡ್ಡ ಕಂಬಿಯ ಕೆಳಗೆ ಕಾಲು ತೂರಿಸಿ, ಸೊಂಟ ಡೊಂಕು ಮಾಡಿಕೊಂಡು ತುಳಿಯುವ ಆ ವಿದ್ಯೆಯನ್ನು ಈಗಿನ ಮಕ್ಕಳು ನೋಡಿಯೇ ಇಲ್ಲ.) ಸೀಟಿನ ಮೇಲೆ ಕೂರುವಷ್ಟು ಎತ್ತರ ಬಂದೆ ನೋಡಿ, ಅದೇ ವರ್ಷ ಮನೆಯಲ್ಲಿ "ದೊಡ್ಡೋಳಾದಿ, ಇನ್ನು ಸಾಕು" ಎಂದರು. ಸಾಕಾಯಿತು. ಮೂವತ್ತೈದು ವರ್ಷ ಸಾಕಾಯಿತು.

ಮತ್ತೆ ಅಂಗಡಿಗೆ ಬರೋಣ. ಮಾಲೀಕರ ಹೆಸರು ದಾದಾಪೀರ್. ಅರವತ್ತರ ಆಸುಪಾಸು, ಬೆರಳ ಸಂದಿಯಲ್ಲಿ ಗ್ರೀಸಿನ ಕಪ್ಪು. ಅವರು ವಿಚಾರಣೆ ಮುಂದುವರಿಸಿದರು. "ಮಗಳು ಎಷ್ಟು ಎತ್ತರ ಅದಾರೆ?"

ನನ್ನ ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಾಳೆ. ಅಪ್ಪನ ಎತ್ತರ ಅವಳಿಗೆ ಬಂದಿದೆ, ಐದಡಿ ಏಳಿಂಚು. ನಾನು ಐದಡಿಗೂ ಒಂದಿಂಚು ಕಮ್ಮಿ. ಒಂದು ಸುಳ್ಳು ಹೇಳಿಯಾಗಿದೆ, ಇನ್ನೊಂದು ಬೇಡ ಎಂದು ಇಲ್ಲಿ ಮಾತ್ರ ನಿಜ ಹೇಳಿದೆ.

"ಐದಡಿ ಏಳಿಂಚು."

ಲೆಕ್ಕದ ಟೀಚರ್! ಎಲ್ಲಿ ನಿಜ ಹೇಳಬೇಕು, ಎಲ್ಲಿ ಹೇಳಬಾರದು ಎಂಬಷ್ಟು ಲೆಕ್ಕವೂ ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ. ದಾದಾಪೀರ್ ಅವರು ಮಗಳ ಅಳತೆಗೆ ತಕ್ಕ, ಎತ್ತರದ ಫ್ರೇಮಿನ, ನೇರ ಹ್ಯಾಂಡಲಿನ ಕೆಂಪು ಸೈಕಲ್ ಆರಿಸಿದರು. ಗೇರ್ ಇಲ್ಲ, ರೇಟೂ ನನ್ನ ಕೈಗೆಟುಕುವಂಥದ್ದೇ. ಎಟುಕದಿದ್ದುದು ಸೀಟು ಮಾತ್ರ. ಹತ್ತಿ ನೋಡುವುದು ಹೇಗೆ? ಮಗಳ ಸೈಕಲ್ಲಲ್ಲವೇ? ಲಗೇಜ್ ಆಟೋಗೆ ಹಾಕಿಸಿಕೊಂಡು ಬಂದೆ.

ಮನೆಯಲ್ಲಿ ನಮ್ಮತ್ತೆ ಬಾಗಿಲಲ್ಲೇ ಕೂತಿದ್ದರು. ಅವರ ಬಗ್ಗೆ ಎರಡು ಮಾತು ಹೇಳಬೇಕು. ಎಪ್ಪತ್ತು ದಾಟಿದೆ. ಜಗಳೂರು ಕಡೆಯ ಹಳ್ಳಿಯವರು, ಚಿಕ್ಕಂದಿನಿಂದ ಹೊಲದಲ್ಲಿ ದುಡಿದವರು. ಈಗಲೂ ಕೈ ಸುಮ್ಮನಿರುವುದಿಲ್ಲ. ಅವರ ನಿಘಂಟಿನಲ್ಲಿ ಎಲ್ಲಕ್ಕಿಂತ ಕೆಟ್ಟ ಬೈಗುಳ 'ಶೋಕಿ'. ಕಿಟಕಿಗೆ ಹೊಸ ಪರದೆ ಹಾಕಿದರೆ ಶೋಕಿ. ಭಾನುವಾರ ಮಧ್ಯಾಹ್ನ ಮಲಗಿದರೆ ಶೋಕಿ. ಮದುವೆಯಾದ ಹೊಸದರಲ್ಲಿ ನಾನು ಗುಲಾಬಿ ಕುಂಡ ತಂದಿದ್ದಕ್ಕೆ "ತಿನ್ನಾಕೆ ಬರ್ತೈತಾ ಇದು, ಬರೀ ಶೋಕಿ" ಎಂದಿದ್ದರು. ಅವತ್ತಿನಿಂದ ಆ ಪದಕ್ಕೆ ಹೆದರುತ್ತೇನೆ.

"ಯಾರಿಗಿದು?" ಅತ್ತೆಯದೂ ಅದೇ ಪ್ರಶ್ನೆ.

"ಮಗಳಿಗೆ, ಅತ್ತೆ."

"ಅವಳು ದಾವಣಗೆರೆಯಾಗೆ ಅದಾಳೆ. ಸೈಕಲ್ ಇಲ್ಲೈತೆ."

ಲೆಕ್ಕ ಸರಿಯಾಗಿಯೇ ಇತ್ತು. ಒಳಗೆ ಹೋಗಿ ಕುಕ್ಕರ್ ಇಟ್ಟೆ. ರಾತ್ರಿ ಊಟದ ಹೊತ್ತಿಗೆ ಮಗಳೇ ಫೋನ್ ಮಾಡಿದಳು. ಅವಳಪ್ಪ ಹೇಳಿದ್ದರಂತೆ. "ಅಮ್ಮಾ, ನಾನು ಯಾವಾಗ ಸೈಕಲ್ ಕೇಳಿದ್ದೆ?"

ಮಾರನೇ ದಿನ ಬೆಳಗ್ಗೆ ಐದೂವರೆಗೆ ಚೂಡಿದಾರ್ ಹಾಕಿಕೊಂಡು, ಕಳ್ಳಿಯ ಹಾಗೆ ಗೇಟು ತೆಗೆದು ಗೋವಿನಕೋವಿ ರಸ್ತೆಗೆ ಇಳಿದೆ. ಒಂದು ಮೋರಿಕಟ್ಟೆ ಹುಡುಕಿ, ಅದರ ಮೇಲೆ ನಿಂತು ಸೈಕಲ್ ಹತ್ತಿದೆ. ಓಡಿಸುವುದು ಮರೆತಿರಲಿಲ್ಲ. ಕಷ್ಟವಿದ್ದುದು ನಿಲ್ಲಿಸುವುದರಲ್ಲಿ. ಕಾಲು ನೆಲಕ್ಕೆ ತಾಗುವುದೇ ಇಲ್ಲ! ಇಳಿಯಬೇಕೆಂದರೆ ಮುಂದಿನ ಮೋರಿಕಟ್ಟೆ ಬರಬೇಕು. ಹೀಗೆ ಮೋರಿಯಿಂದ ಮೋರಿಗೆ ನಾಲ್ಕು ದಿನ ಸವಾರಿ ಮಾಡಿದೆ. ನಮ್ಮ ತಾಲ್ಲೂಕಿನ ಲೋಕೋಪಯೋಗಿ ಇಲಾಖೆಯವರಿಗೂ ಅಷ್ಟು ಮೋರಿಗಳ ಪರಿಚಯವಿರಲಾರದು.

ಐದನೆಯ ದಿನ ಎದುರಿಗೆ ಹಾಲಿನ ವ್ಯಾನ್ ಬಂತು. ಹತ್ತಿರದಲ್ಲಿ ಮೋರಿಯಿರಲಿಲ್ಲ. ಬಿದ್ದೆ.

ವ್ಯಾನಿನವರು ಇಳಿದು ಓಡಿ ಬಂದು ಎಬ್ಬಿಸಿದರು. ಮೊಣಕಾಲು ತರಚಿತ್ತು. "ಗಾಡಿ ಕೆಟ್ಟೈತೇನ್ರೀ ಮೇಡಂ? ಹತ್ರೀ, ಮನೆಗೆ ಬಿಡ್ತೀನಿ" ಎಂದರು. ಪಾಪ, ಅವರ ಮುಖದಲ್ಲಿ ನಿಜವಾದ ಮರುಕ. ಸ್ಕೂಟರಿದ್ದ ಟೀಚರಿಗೆ ಎಂಥ ಕಾಲ ಬಂತು ಎಂಬ ಮರುಕ.

"ಗಾಡಿ ಸರಿಯಿದೆ. ಡಾಕ್ಟರು ಹೇಳಿದ್ದಾರೆ, ಅದಕ್ಕೆ" ಎಂದೆ. ಇನ್ನೊಂದು ಸುಳ್ಳು.

ಅದರ ಪರಿಣಾಮ ನೋಡಬೇಕಿತ್ತು. ಮರುಕ ಹೋಗಿ ತಕ್ಷಣ ಗೌರವ ಬಂತು. "ಶುಗರ್ರಾ? ನಮ್ಮ ಅತ್ತಿಗೇರಿಗೂ ಐತೆ. ಮೆಂತ್ಯ ನೆನೆಹಾಕಿ ಕುಡೀರಿ, ಬಿಡಬ್ಯಾಡ್ರಿ" ಎಂದು ಸಲಹೆ ಕೊಟ್ಟು, ಸೈಕಲ್ಲಿನ ಹ್ಯಾಂಡಲ್ ನೇರ ಮಾಡಿ ಹೋದರು. ಇಲ್ಲದ ಶುಗರ್ ನನ್ನ ಮಾನ ಕಾಪಾಡಿತು.

ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಾಗ ಇದನ್ನೇ ಯೋಚಿಸುತ್ತಿದ್ದೆ. ನಮ್ಮ ಕಡೆ ಹೆಂಗಸರು ಖುಷಿಗೆಂದು ಏನನ್ನಾದರೂ ಮಾಡುತ್ತೇವಾ? ವಾಕಿಂಗ್ ಹೋಗುವುದು ಬಿ.ಪಿ.ಗೆ. ಊರು ಸುತ್ತುವುದು ಹರಕೆಗೆ. ಐಸ್‌ಕ್ರೀಮ್ ತರಿಸುವುದು ಮಕ್ಕಳಿಗೆ (ಅರ್ಧ ಡಬ್ಬ ಯಾರು ಖಾಲಿ ಮಾಡುತ್ತಾರೆ ಎಂಬುದು ಬೇರೆ ವಿಷಯ). ಗಂಡಸರು ಭಾನುವಾರವಿಡೀ ಕೆರೆ ಏರಿಯ ಮೇಲೆ ಗಾಳ ಹಾಕಿಕೊಂಡು ಕೂತು, ಒಂದು ಮೀನೂ ಇಲ್ಲದೆ ಮನೆಗೆ ಬಂದರೂ ಯಾಕೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ. ಕೇಳಬಾರದು ಕೂಡ, ಅವರಿಗೂ ಒಂದು ಖುಷಿ ಬೇಡವೇ? ಆದರೆ ನಾವು ಯಾರೂ ಕೇಳುವ ಮೊದಲೇ ಕಾರಣ ಹಿಡಿದುಕೊಂಡು ನಿಂತಿರುತ್ತೇವೆ. ರಜಾ ಅರ್ಜಿಗೆ ಮೆಡಿಕಲ್ ಸರ್ಟಿಫಿಕೇಟ್ ಲಗತ್ತಿಸುವ ಹಾಗೆ.

ಕಾರಣವಿಲ್ಲದೆ, ಬರೀ ಇಷ್ಟವೆಂದು, ಒಂದೇ ಒಂದು ಕೆಲಸವನ್ನಾದರೂ ಈ ಜನ್ಮದಲ್ಲಿ ಮಾಡುತ್ತೇನಾ ಇಲ್ಲವಾ? ಸೈಕಲ್ಲಿಗಿಂತ ದೊಡ್ಡದಾಗಿ ನನ್ನೆದುರು ನಿಂತಿದ್ದು ಈ ಪ್ರಶ್ನೆ. ಈ ಸೈಕಲ್ಲನ್ನೂ ಮೂಲೆಗೆ ಹಾಕಿದರೆ ಇನ್ನೊಮ್ಮೆ ನಾನು ಅಂಗಡಿ ಮೆಟ್ಟಿಲು ಹತ್ತುವವಳಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಸೈಕಲ್ಲನ್ನು ಮತ್ತೆ ಲಗೇಜ್ ಆಟೋಗೆ ಹಾಕಿಸಿದೆ. ಹೊನ್ನಾಳಿ.

"ಮಗಳಿಗೆ ಸ್ವಲ್ಪ ದೊಡ್ಡದಾಯ್ತು ರೀ" ಎಂದೆ. ಇಷ್ಟೆಲ್ಲ ಯೋಚಿಸಿಕೊಂಡು ಬಂದವಳು ಆಗಲೂ ಇದನ್ನೇ ಹೇಳಿದೆನಲ್ಲ, ನನ್ನ ಧೈರ್ಯವನ್ನು ನೀವೇ ಅಳೆಯಿರಿ.

ದಾದಾಪೀರ್ ಅವರು ಬಾಗಿದ ಪೆಡಲ್ ನೋಡಿದರು. ನಾನು ನಡೆಯುವುದನ್ನು ನೋಡಿದರು. ನಗಲಿಲ್ಲ.

"ಬಿದ್ದೋರು ಮಗಳು, ಕುಂಟೋರು ನೀವೇನ್ರೀ?"

ಅವರು ಸ್ಟೂಲ್ ಎಳೆದು ಕೂರಿಸಿ, ಟೀ ಹೇಳಿದರು. ಆಮೇಲೆ ಮೆತ್ತಗೆ, "ನೋಡ್ರಿ ಮೇಡಂ, ಸೈಕಲ್ ಅಂಗಡಿಗೂ ಆಸ್ಪತ್ರೆಗೂ ಬಂದ್ರೆ ಇದ್ದಿದ್ದು ಇದ್ದಂಗೆ ಹೇಳ್ಬೇಕು. ತುಳಿಯೋರು ಯಾರು?" ಎಂದರು.

"ನಾನೇ."

"ಕೆಲ್ಸಕ್ಕಾ, ಶೋಕಿಗಾ?"

ಆ ಪದವೇ! ಆದರೆ ಅವರ ಬಾಯಲ್ಲಿ ಅದು ಬೈಗುಳವಾಗಿರಲಿಲ್ಲ. ಟ್ಯೂಬು ಟೈರಿನ ಹಾಗೆ ಅವರ ಕಸುಬಿನ ಮಾತಾಗಿತ್ತು. ಅವರ ಪ್ರಕಾರ ಲೋಕದಲ್ಲಿ ಎರಡೇ ಜಾತಿಯ ಸೈಕಲ್ಲುಗಳಿರುವುದು. ಅವತ್ತೂ ಅಂಗಡಿಯಲ್ಲಿ ಪಂಕ್ಚರಿಗೆ ಬಂದ ಒಬ್ಬರು ಕೂತಿದ್ದರು. ಅವರಿಗೆ ಕೇಳಿಸುತ್ತದೆ ಎಂದು ಗೊತ್ತಿದ್ದೇ ಹೇಳಿದೆ.

"ಶೋಕಿಗೆ."

ಆಕಾಶ ಬೀಳಲಿಲ್ಲ. ಪಂಕ್ಚರಿನವರು ತಲೆ ಕೂಡ ಎತ್ತಲಿಲ್ಲ.

"ಹಂಗಂತ ಮೊದ್ಲೇ ಹೇಳ್ಬಾರ್ದೇನ್ರೀ?" ಎಂದರು ದಾದಾಪೀರ್. "ಶೋಕಿ ಸೈಕಲ್ಲಿಗೆ ಜಾಸ್ತಿ ಅಳತೆ ನೋಡ್ಬೇಕು. ಕೆಲ್ಸದ ಸೈಕಲ್ ಹೆಂಗಿದ್ರೂ ನಡೀತೈತೆ, ತುಳೀಲೇಬೇಕಲ್ಲ. ಶೋಕಿದು ಹಂಗಲ್ಲ. ಎರಡು ದಿನ ಸೊಂಟ ನೋವು ಬಂತು ಅಂದ್ರೆ ಮುಗೀತು, ಬಟ್ಟೆ ಒಣಗಾಕೋ ಸ್ಟ್ಯಾಂಡ್ ಆಗ್ತೈತೆ."

ಹೊಸದಾಗಿ ಸೈಕಲ್ ಹುಡುಕುತ್ತಿರುವವರು ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು. ನಾನು ಮೊಬೈಲಿನಲ್ಲಿ ವಾರಗಟ್ಟಲೆ ಓದಿದ್ದರಲ್ಲಿ ಇಷ್ಟು ತಿಳುವಳಿಕೆ ಎಲ್ಲೂ ಸಿಕ್ಕಿರಲಿಲ್ಲ.

ಗೇರ್ ಬೇಕಾಗುತ್ತಾ ಎಂದು ಕೇಳಿದೆ. "ನೀವು ಹೋಗೋ ರೋಡಿನಾಗೆ ಗುಡ್ಡ ಎಲ್ಲೈತ್ರಿ? ಗೇರ್ ಕೆಟ್ರೆ ರಿಪೇರಿಗೆ ದಾವಣಗೆರೆಗೇ ಹೋಗ್ಬೇಕು" ಎಂದರು. ಬಾಗಿಲಲ್ಲಿ ನಿಲ್ಲಿಸಿದ್ದ ದಪ್ಪ ಟೈರಿನ ಸೈಕಲ್ಲಿನ ಮೇಲೆ ನನ್ನ ಕಣ್ಣು ಹೋಯಿತು. "ಅದು ನೋಡೋರಿಗೆ ಚಂದ, ತುಳಿಯೋರಿಗೆ ಭಾರ." ಡಿಸ್ಕ್ ಬ್ರೇಕು? "ನೀವು ಹೋಗೋ ಸ್ಪೀಡಿಗೆ ಸಾದಾ ಬ್ರೇಕ್ ಸಾಕು. ಅದರ ರಬ್ಬರ್ ನಿಮ್ಮ ನ್ಯಾಮತಿಯಾಗೂ ಸಿಗ್ತೈತೆ." ದುಡ್ಡು ಮಾಡಿಕೊಳ್ಳಬಹುದಾದ ಕಡೆಯೆಲ್ಲ ಬೇಡ ಎನ್ನುವ ಅಂಗಡಿಯವರನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಗೆ ಅವರು ಒಳಗಿಂದ ತಂದಿದ್ದು ಸಾದಾ ಸೈಕಲ್. ಅಡ್ಡ ಕಂಬಿಯಿಲ್ಲ, ಮುಂದೆ ಬುಟ್ಟಿ, ಚೂಡಿದಾರ್ ಸಿಕ್ಕಿಕೊಳ್ಳದಂತೆ ಪೂರಾ ಚೈನ್ ಕವರ್. ನನ್ನನ್ನು ಹತ್ತಿಸಿ ಸೀಟು ಏರಿಸಿದರು, ಇಳಿಸಿದರು, ಮತ್ತೆ ಒಂದು ಬೆರಳಿನಷ್ಟು ಏರಿಸಿದರು. ಪೆಡಲ್ ಕೆಳಗೆ ಹೋದಾಗ ಮೊಣಕಾಲು ತುಸು ಬಾಗಿರಬೇಕು, ನಿಂತಾಗ ಎರಡೂ ಪಾದದ ತುದಿ ನೆಲ ಮುಟ್ಟಬೇಕು. ಮುಟ್ಟಿತು. ಬೆಲೆ ಮೊದಲಿನದಕ್ಕಿಂತ ಕಮ್ಮಿಯೇ. ಉಳಿದಿದ್ದರಲ್ಲಿ ಮೆತ್ತನೆಯ ಸೀಟು ಹಾಕಿಕೊಟ್ಟರು. ಪೆಡಲ್ ಬಾಗಿದ್ದ ಕೆಂಪು ಸೈಕಲ್ಲನ್ನು ಒಂದು ಮಾತೂ ಆಡದೆ ವಾಪಸ್ ತೆಗೆದುಕೊಂಡರು. ಇಂಥವರ ಅಂಗಡಿ ತಣ್ಣಗಿರಲಿ.

ಮನೆಗೆ ಬಂದಾಗ ಸಂಜೆ. ಅತ್ತೆ ಜಗುಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಹಳೆಯದು ಹೋಗಿ ಬೇರೆ ಸೈಕಲ್ ಇಳಿದಿದ್ದನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಇದ್ಯಾರಿಗೆ?"

ಅಂಗಡಿಯಲ್ಲಿ ಹೇಳುವುದು ಸುಲಭ. ಇಲ್ಲಿ ಹಾಗಲ್ಲ. ಆದರೂ ಹೇಳಿದೆ.

"ನನಗೆ, ಅತ್ತೆ. ಡಾಕ್ಟರು ಹೇಳಿಲ್ಲ, ಏನಿಲ್ಲ. ಸುಮ್ಮನೆ ಶೋಕಿಗೆ."

ಅತ್ತೆಯ ಕೈ ನಿಂತಿತು. ಇಪ್ಪತ್ತು ವರ್ಷದಿಂದ ಸೊಸೆಯಾಗಿರುವವಳಿಗೆ ಮುಂದಿನ ಮಾತು ಏನೆಂದು ಗೊತ್ತಿರುತ್ತದೆ. ಕೇಳಿಸಿಕೊಳ್ಳಲು ತಯಾರಾಗಿ ನಿಂತೆ. ಅವರು ಮೊರ ಬದಿಗಿಟ್ಟು, ಗೋಡೆ ಹಿಡಿದು ಎದ್ದು ಬಂದರು. ಹ್ಯಾಂಡಲ್ ಮುಟ್ಟಿದರು. ಬೆಲ್ ಒಮ್ಮೆ ಒತ್ತಿ ನೋಡಿದರು.

"ಹೊಡಿಯೋವಾಗ ಗಾಳಿ ಮಖಕ್ಕೆ ಬಡೀತೈತಾ?"

"ಹೂಂ ಅತ್ತೆ, ಚೆನ್ನಾಗಿ ಬಡಿಯುತ್ತೆ."

"ಮದ್ವಿಗೆ ಮುಂಚೆ ಕೂಲಿಗೆ ಹೋಗ್ತಿದ್ದೆ, ಶೇಂಗಾ ಕೀಳಾಕೆ" ಎಂದರು ಅತ್ತೆ. "ಮನೆ ಹತ್ರನೇ ಹೊಲ ಇರ್ತಿದ್ವು. ನಾನು ದೂರದ್ದಕ್ಕೇ ಹೋಗ್ತಿದ್ದೆ. ದೂರದ್ದಕ್ಕಾದ್ರೆ ಟ್ರ್ಯಾಕ್ಟರ್ ಬರೋದು. ಎಲ್ರೂ ಕೆಳಗೆ ಕುಂತ್ಕಂಡ್ರೆ ನಾನು ಮುಂದ್ಗಡೆ ಕಂಬಿ ಹಿಡ್ಕಂಡು ನಿಲ್ತಿದ್ದೆ. ಗಾಳಿ ಹೆಂಗೆ ಬಡಿಯೋದು ಅಂತೀ. ಅದಕ್ಕಂತಲೇ ಹೋಗ್ತಿದ್ದಿದ್ದು."

"ಮನೆಯಲ್ಲಿ ಏನೂ ಅಂತಿರಲಿಲ್ವಾ?"

"ಯಾಕಂತಾರೆ? ಕೂಲಿಗೆ ಅಂತ ಹೇಳ್ತಿದ್ದೆ."

ಇಷ್ಟು ಹೇಳಿ ಅತ್ತೆ ಮತ್ತೆ ಮೊರದ ಮುಂದೆ ಕೂತರು. ನಾನು ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದವರು ನಾವು. ಆ ಟ್ರ್ಯಾಕ್ಟರಿನಲ್ಲಿ ಕಂಬಿ ಹಿಡಿದು ನಿಂತ ಹುಡುಗಿ ನನಗೆ ಗೊತ್ತೇ ಇರಲಿಲ್ಲ.

ನಿಮ್ಮನೆಯ ಅಮ್ಮ, ಅತ್ತೆ, ಅಜ್ಜಿ ಕೆಲಸವಿದೆ ಎಂದು ಹೇಳಿ ಹೋಗುತ್ತಿದ್ದ ಕಡೆಗೆಲ್ಲ ನಿಜವಾಗಿ ಯಾತಕ್ಕೆ ಹೋಗುತ್ತಿದ್ದರು, ಒಮ್ಮೆಯಾದರೂ ಕೇಳಿದ್ದೀರಾ?