ಶಿವರುದ್ರಸ್ವಾಮಿ ಮೇಷ್ಟ್ರ ಬಾಯಿ

ಗುಂಡ್ಲುಪೇಟೆಯ ನಮ್ಮ ಕಾಲೇಜಿನಲ್ಲಿ ಮೂವತ್ತು ವರ್ಷ ಬ್ಯಾಸ್ಕೆಟ್‌ಬಾಲ್ ಕಲಿಸಿ, ಒಂದೇ ಒಂದು ಕಪ್ಪನ್ನೂ ತರದೆ, ಆದರೂ ಊರಿನಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದ ಮನುಷ್ಯ ಶಿವರುದ್ರಸ್ವಾಮಿ. ಅವರ ಕೋಣೆಯ ಬಾಗಿಲ ಮೇಲೆ ‘ದೈಹಿಕ ಶಿಕ್ಷಣ ನಿರ್ದೇಶಕರು’ ಎಂದು ಬರೆದಿತ್ತು. ಹಾಗೆಂದು ಕರೆದವರನ್ನು ನಾನಂತೂ ಕಾಣೆ. ಹುಡುಗರಿಗೆ ಅವರು ‘ಪಿ.ಟಿ. ಸಾ’, ಊರವರಿಗೆ ‘ಪಿ.ಟಿ. ಮೇಷ್ಟ್ರು’. ನಾನು ಅದೇ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಗೋವಿಂದಯ್ಯ. ಟೀಮು ಹೊರಗೆ ಹೋದರೆ ಕೋಚ್ ಜೊತೆಗೆ ಒಬ್ಬ ಮ್ಯಾನೇಜರ್ ಇರಲೇಬೇಕು ಎಂಬ ನಿಯಮವಿತ್ತು. ಸಾಮ್ರಾಜ್ಯಗಳು ಹೇಗೆ ಬಿದ್ದುಹೋದವು ಎಂದು ಪಾಠ ಹೇಳುವವನಿಗಿಂತ ಈ ಟೀಮಿಗೆ ತಕ್ಕವನು ಯಾರು ಎಂದುಕೊಂಡು ಪ್ರಿನ್ಸಿಪಾಲರು ಪ್ರತಿವರ್ಷ ನನ್ನನ್ನೇ ಅಟ್ಟುತ್ತಿದ್ದರು.

ಮೇಷ್ಟ್ರು ಹಂಗಳದವರು. ಓದುವ ಕಾಲದಲ್ಲಿ ಕಬಡ್ಡಿ ಆಡಿದವರು. ಎತ್ತರ ನನ್ನ ಭುಜದವರೆಗೆ ಬರುತ್ತಿತ್ತು, ನಾನೇನೂ ತೆಂಗಿನಮರವಲ್ಲ. ಅವರು ಕೆಲಸಕ್ಕೆ ಸೇರಿದ ವರ್ಷ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಬ್ಯಾಸ್ಕೆಟ್‌ಬಾಲ್ ಕಂಬ ದಾನ ಕೊಟ್ಟ. ಕಂಬ ಬಂದ ಮೇಲೆ ಟೀಮು ಬೇಡವೇ? ಪ್ರಿನ್ಸಿಪಾಲರು ಇವರನ್ನು ಕರೆದು ಕಲಿಸಿ ಅಂದರು. ಇವರು ಆಗಲಿ ಅಂದರು. ಆಟದ ತಲೆಬುಡ ಗೊತ್ತಿರಲಿಲ್ಲ. ಬೇಸಿಗೆ ರಜೆ ಪೂರ್ತಿ ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಠಿಕಾಣಿ ಹೂಡಿ, ಒಂದು ಕ್ಲಬ್ಬಿನ ಬೇಲಿಯಾಚೆ ನಿಂತು ದಿನವೂ ಆಟ ನೋಡಿದರು. ಬೇಲಿಯ ಒಳಗಿನವರು ತಪ್ಪು ಆಡಿದಾಗ ಹೊರಗಿನಿಂದಲೇ ಕೂಗಿ ತಿದ್ದುತ್ತಿದ್ದರಂತೆ. ಕೊನೆಗೆ ಕ್ಲಬ್ಬಿನವರೇ ಕೈಮುಗಿದು ಒಳಗೆ ಕರೆದು ಕೂರಿಸಿಕೊಂಡರು. ಅಲ್ಲಿ ಅವರ ಕಣ್ಣು ಚುರುಕಾಯಿತು, ದನಿ ದೊಡ್ಡದಾಯಿತು. ಕಣ್ಣು ಅವರಿಗೆ ಅನ್ನ ಕೊಟ್ಟಿತು. ದನಿ ಏನು ಮಾಡಿತು ಎಂಬುದನ್ನೇ ನಾನು ಹೇಳಹೊರಟಿರುವುದು.

ಪ್ರಿನ್ಸಿಪಾಲರು ಕಾಲೇಜಿನ ಹಿಂದೆ ಸಿಮೆಂಟಿನ ಕೋರ್ಟು ಮಾಡಿಸಿಕೊಟ್ಟರು. ಸುತ್ತ ಹೊಲಗಳಿದ್ದವು. ಸೂರ್ಯಕಾಂತಿ ಕೊಯ್ಲಿಗೆ ಬಂತೆಂದರೆ ಅಷ್ಟು ಚೊಕ್ಕ ನೆಲವನ್ನು ಯಾವ ರೈತ ಬಿಟ್ಟಾನು? ಬೆಳಗ್ಗೆ ನಾವು ಬರುವ ಹೊತ್ತಿಗೆ ಹೂವಿನ ತಲೆಗಳನ್ನು ಒಣಗಲು ರಾಶಿ ರಾಶಿಯಾಗಿ ಹರಡಿ, ಕಾವಲಿಗೆ ಈರಮ್ಮ ಎಂಬ ಮುದುಕಿಯನ್ನು ಕೂರಿಸಿರುತ್ತಿದ್ದರು. ಮೇಷ್ಟ್ರು ಮೊದಮೊದಲು ಹಾರಾಡಿದರು. ಈರಮ್ಮ ಜಪ್ಪಯ್ಯ ಅಂದರೂ ಏಳಲಿಲ್ಲ. ಆಮೇಲೆ ಮೇಷ್ಟ್ರು ರಾಶಿಗಳ ನಡುವೆಯೇ ಚೆಂಡು ಪುಟಿಸಿಕೊಂಡು ಓಡುವುದನ್ನು ಕಲಿಸಿದರು. ನಮ್ಮ ಹುಡುಗರಷ್ಟು ಚೆನ್ನಾಗಿ ತಪ್ಪಿಸಿಕೊಂಡು ಓಡುವವರು ಇಡೀ ವಲಯದಲ್ಲಿ ಇರಲಿಲ್ಲ. ರಾಶಿಯೇ ಇಲ್ಲದ ಕೋರ್ಟಿಗೆ ಹೋದಾಗ ಮಾತ್ರ ಕೊಂಚ ಗಲಿಬಿಲಿಗೊಳ್ಳುತ್ತಿದ್ದರು.

ಇನ್ನು ಅವರ ಬಾಯಿಯ ವಿಷಯ. ಯಾರಾದರೂ ಏನನ್ನಾದರೂ ತಪ್ಪಾಗಿ ಮಾಡುವುದನ್ನು ನೋಡಿಕೊಂಡು ಸುಮ್ಮನಿರುವ ಯೋಗ ಆ ಮನುಷ್ಯನ ಹಣೆಯಲ್ಲಿ ಬರೆದಿರಲಿಲ್ಲ. ಹೋಟೆಲಿನ ಸಪ್ಲೈಯರ್ ಐದು ಲೋಟ ಹಿಡಿದು ಬಂದರೆ, ‘ಮಣಿಕಟ್ಟು ಸಡ್ಲ ಬುಡಪ್ಪ’ ಅನ್ನುತ್ತಿದ್ದರು. ಬಸ್ ಕಂಡಕ್ಟರಿಗೆ ತಿರುವಿನಲ್ಲಿ ಕಾಲು ಎಷ್ಟು ಅಗಲ ಇಡಬೇಕು ಎಂದು ಎದ್ದು ನಿಂತು ತೋರಿಸುತ್ತಿದ್ದರು. ನನ್ನ ತಮ್ಮನ ಮದುವೆಯಲ್ಲಿ ಮದುಮಗಳು ಹಾರ ಹಾಕುವಾಗ, ‘ತುದಿಗಾಲಲ್ಲಿ ನಿಂತ್ಕಳವ್ವ, ಕೈ ತಾನಾಗೇ ಮೇಲಕ್ ಓಯ್ತದ’ ಎಂದು ಛತ್ರದ ಹಿಂದಿನ ಸಾಲಿನಿಂದ ಕೂಗಿದರು. ಹುಡುಗಿ ನಿಂತಳು, ಹಾರವೂ ಬಿತ್ತು. ನನ್ನ ತಾಯಿ ಮಾತ್ರ ಒಂದು ವರ್ಷ ಅವರನ್ನು ಮಾತಾಡಿಸಲಿಲ್ಲ.

ಇಂಥವರು ಪಂದ್ಯದ ದಿನ ಗೆರೆಯ ಪಕ್ಕ ನಿಂತರೆ ಏನಾಗಬೇಡ! ನಮ್ಮ ಹುಡುಗರು ತಪ್ಪು ಮಾಡಿದರೆ ತಿದ್ದುವರು, ಸರಿ. ಎದುರು ಟೀಮಿನವರು ತಪ್ಪು ಮಾಡಿದರೂ ತಿದ್ದುವರು. ‘ಎಡಗಡೆ ಖಾಲಿ ಅದ ನೋಡ್ಲಾ, ಅತ್ತಗ್ ಕೊಡು!’ ಎಂದು ಇವರು ಕೂಗುವುದು, ಎದುರಿನವನು ಅತ್ತ ಕೊಡುವುದು, ಚೆಂಡು ನಮ್ಮ ಬುಟ್ಟಿಗೆ ಬೀಳುವುದು. ಬಿದ್ದ ಮೇಲೆ ಇವರೇ, ‘ಅಂಗ್ ಮಾಡು ಮಗ!’ ಎಂದು ಬೆನ್ನು ತಟ್ಟುವ ಹಾಗೆ ಗಾಳಿಯನ್ನು ತಟ್ಟುವುದು. ಬೇಕೆಂದು ಮಾಡುತ್ತಿರಲಿಲ್ಲ. ತಾವು ಹಾಗೆ ಮಾಡುತ್ತೇವೆಂಬುದೇ ಅವರಿಗೆ ಗೊತ್ತಿರಲಿಲ್ಲ. ಉಳಿದ ಕಾಲೇಜುಗಳ ಕೋಚುಗಳಿಗೆ ಚೆನ್ನಾಗಿ ಗೊತ್ತಿತ್ತು. ಗುಂಡ್ಲುಪೇಟೆಯ ಜೊತೆ ಪಂದ್ಯ ಬಿತ್ತೆಂದರೆ ಅವರು ತಮ್ಮ ಹುಡುಗರನ್ನು ಇವರ ಸುಪರ್ದಿಗೆ ಬಿಟ್ಟು ನೆಮ್ಮದಿಯಾಗಿ ಟೀ ಕುಡಿಯಲು ಹೋಗುತ್ತಿದ್ದರು. ನಾನೇ ಒಮ್ಮೆ ಅವರ ಜೊತೆ ಟೀ ಕುಡಿದಿದ್ದೇನೆ.

ವಿಚಿತ್ರವೆಂದರೆ ನಮ್ಮ ಹುಡುಗರು ಮಾತ್ರ ಅವರ ಮಾತಿಗೆ ಕವಡೆ ಕಾಸಿನ ಬೆಲೆ ಕೊಡುತ್ತಿರಲಿಲ್ಲ. ದಿನವೂ ಕೇಳುವ ದನಿ ತಾನೆ. ಆಯ್ತು ಸಾ ಎನ್ನುವರು, ತಮಗೆ ಬಂದ ಹಾಗೆ ಆಡುವರು. ಅದರಲ್ಲೂ ಕನಕರಾಜು ಎಂಬ ಕ್ಯಾಪ್ಟನ್ ಇದ್ದನಲ್ಲ, ಆಟದಲ್ಲಿ ಹುಲಿ, ಹಟದಲ್ಲಿ ಹೆಬ್ಬುಲಿ. ಚೆಂಡು ಎಸೆಯುವಾಗ ಮೊಣಕೈಯನ್ನು ಹೊರಗೆ ಚಾಚಿಕೊಂಡು ಎಸೆಯುತ್ತಿದ್ದ. ಒಳಕ್ಕೆ ತಗೋ ಎಂದು ಮೇಷ್ಟ್ರು ಹೇಳದ ದಿನವಿಲ್ಲ, ಅವನು ಕೇಳಿದ ದಿನವಿಲ್ಲ.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ಮೇಷ್ಟ್ರಿಗೆ ಐವತ್ತೆಂಟು ತುಂಬುವುದಿತ್ತು. ನಿವೃತ್ತಿಗೆ ತಿಂಗಳಿರುವಾಗ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು, ಒಳ್ಳೆಯ ಮನಸ್ಸಿನಿಂದಲೇ, ‘ಬೀಳ್ಕೊಡುಗೆ ಭಾಷಣದಲ್ಲಿ ನಿಮ್ಮ ಸಾಧನೆ ಅಂತ ಏನು ಹೇಳಲಿ ಶಿವರುದ್ರಸ್ವಾಮಿ?’ ಎಂದು ಕೇಳಿದರು. ಯಾವತ್ತೂ ಮಾತಿಗೆ ತಡವರಿಸದ ಮನುಷ್ಯ ತಿರುಗಿ ಹಿಂದಿನ ಬೀರುವನ್ನು ನೋಡಿದರು. ಬೇರೆ ಮೇಷ್ಟ್ರುಗಳ ಕೈಯಲ್ಲಿ ಕಲಿತ ಕಬಡ್ಡಿಯವರು, ಖೋಖೋದವರು ಗೆದ್ದು ತಂದ ಕಪ್ಪುಗಳು ಅದರಲ್ಲೇ ಇದ್ದವು. ನಾನು ಏನೋ ತಮಾಷೆ ಮಾಡಲು ಹೋಗಿ, ಅವರ ಮುಖ ನೋಡಿ ನಿಲ್ಲಿಸಿದೆ. ನನಗೆ ನಿಜವಾಗಿ ಸಂಕಟವಾಯಿತು. ಆ ಸಂಜೆ ಗೇಟಿನ ಹತ್ತಿರ ನನ್ನ ಕೈ ಹಿಡಿದು, ‘ಗೋವಿಂದಯ್ಯ, ಒಂದ್ಸಲ ಗೆಲ್ಬೇಕು ಕಣಪ್ಪ. ಒಂದೇ ಸಲ. ಇಲ್ದಿದ್ರ ನಾ ಇಷ್ಟ್ ವರ್ಸ ಇಲ್ ಏನ್ ಮಾಡ್ದೆ ಅಂತ ನಂಗೇ ಗೊತ್ತಾಗಾಕಿಲ್ಲ’ ಅಂದರು.

ಕೊನೆಯ ಪಂದ್ಯಾವಳಿ ಚಾಮರಾಜನಗರದಲ್ಲಿ. ಹೊರಡುವ ಬೆಳಗ್ಗೆ ಅವರ ಹೆಂಡತಿ ನಾಗರತ್ನಮ್ಮ ಬಸ್ ನಿಲ್ದಾಣಕ್ಕೇ ಬಂದರು. ಕೈಯಲ್ಲಿ ಉಬ್ಬಿದ ಎಲೆಅಡಿಕೆ ಸಂಚಿ. ಅದನ್ನು ಗಂಡನಿಗೆ ಕೊಡದೆ ನನಗೆ ಕೊಟ್ಟರು.

‘ಮೇಷ್ಟ್ರೇ, ಇವ್ರ ಬಾಯ್ನ ನಿಮ್ ಕೈಗ ಒಪ್ಪಿಸ್ತಾ ಇವ್ನಿ. ಬಾಯ್ ತುಂಬ ಎಲೆಅಡ್ಕ ಇದ್ರ ಮಾತ್ ಬರಾಕಿಲ್ಲ. ಖಾಲಿ ಆದೇಟ್ಗೆ ಇನ್ನೊಂದ್ ತುರುಕ್ಬುಡಿ.’

‘ನಾ ಏನ್ ಚಿಕ್ ಮಗಾನಾ?’ ಎಂದು ಮೇಷ್ಟ್ರು ಗುರ್ ಅಂದರು.

‘ಚಿಕ್ ಮಕ್ಳಾದ್ರ ಏಳುದ್ ಮಾತ್ ಕೇಳ್ತವ ಕಣ್ರೀ’ ಅಂದರು ನಾಗರತ್ನಮ್ಮ. ಮೇಷ್ಟ್ರು ತೆಪ್ಪಗೆ ಬಾಯಿ ತೆರೆದರು. ಮ್ಯಾನೇಜರನಾಗಿ ನನಗೆ ಸಿಕ್ಕಿದ ಮೊದಲ ಕೆಲಸ ಅದು.

ಹೇಳಿದರೆ ನಂಬುವುದಿಲ್ಲ, ಮದ್ದು ನಾಟಿತು. ಮೊದಲ ಪಂದ್ಯ ಗೆದ್ದೆವು, ಎರಡನೆಯದನ್ನೂ ಗೆದ್ದೆವು. ಎದುರಿನ ಕೋಚುಗಳು ವಾಡಿಕೆಯಂತೆ ಟೀ ಅಂಗಡಿಗೆ ಹೋದವರು, ಮೈದಾನದಿಂದ ಯಾವ ಕೂಗೂ ಕೇಳದೆ ಗಾಬರಿಯಾಗಿ ಲೋಟ ಇಟ್ಟು ಓಡಿಬಂದರು. ಬಂದು ನಿಂತರೆ ಏನು ಹೇಳಿಕೊಡಬೇಕೆಂದೇ ಅವರಿಗೆ ಮರೆತುಹೋಗಿತ್ತು. ಫೈನಲ್ಲು ಆತಿಥೇಯ ಕಾಲೇಜಿನ ಮೇಲೆ. ಅವರ ಕೋಚ್ ನೀಲಕಂಠಸ್ವಾಮಿ ಒಂದು ಕಾಲಕ್ಕೆ ನಮ್ಮ ಮೇಷ್ಟ್ರ ಕೈಕೆಳಗೆ ಆಡಿದವನು. ಅವನು ಆ ಬದಿಯಿಂದ, ‘ಯಾಕ್ ಸಾ ಸುಮ್ಕಿದ್ದರಿ? ಉಸಾರಿಲ್ವಾ?’ ಎಂದು ಕಳವಳದಿಂದ ಕೇಳಿದ. ಮೇಷ್ಟ್ರು ಉಬ್ಬಿದ ಕೆನ್ನೆಯಲ್ಲೇ ಕೈ ಬೀಸಿ, ಆಟ ನೋಡು ಎಂದು ಸನ್ನೆ ಮಾಡಿದರು.

ಎದುರು ಟೀಮಿನಲ್ಲಿ ಪುಣಜನೂರಿನ ಕಡೆಯ ಒಬ್ಬ ಹುಡುಗನಿದ್ದ. ಮೊದಲ ವರ್ಷದವನು, ಸಣಕಲು, ಉದ್ದಕ್ಕೆ ಬೆಳೆದುಬಿಟ್ಟಿದ್ದ. ಓಟ, ನೆಗೆತ ಎಲ್ಲ ಚೆನ್ನಾಗಿತ್ತು. ಆದರೆ ಫ್ರೀ ಥ್ರೋ ಸಿಕ್ಕಾಗ, ಅಂದರೆ ನಮ್ಮವರ ತಪ್ಪಿಗೆ ದಂಡವಾಗಿ ಗೆರೆಯ ಮೇಲೆ ಒಬ್ಬನೇ ನಿಂತು ಬುಟ್ಟಿಗೆ ಎಸೆಯುವಾಗ, ಅವನು ಹೆದರಿ ಉಸಿರು ಬಿಗಿಹಿಡಿಯುತ್ತಿದ್ದ. ಮೊಣಕೈ ಕೋಳಿ ರೆಕ್ಕೆಯ ಹಾಗೆ ಹೊರಗೆ ಹೋಗುತ್ತಿತ್ತು. ಎಸೆದದ್ದೆಲ್ಲ ಹೊರಗೇ ಬಿತ್ತು. ಅವನು ಎಸೆಯಲು ನಿಂತಾಗಲೆಲ್ಲ ಮೇಷ್ಟ್ರು ನನ್ನ ತೋಳನ್ನು ಹಿಂಡುತ್ತಿದ್ದರು. ನಾನು ಎಲೆ ಮಡಿಸಿ ತುರುಕುತ್ತಿದ್ದೆ. ಹೊಟ್ಟೆಯಲ್ಲಿ ಹೆರಿಗೆ ನೋವಿದ್ದವರ ಹಾಗೆ ಅವರು ನರಳುವುದು ನೋಡಲಾಗುತ್ತಿರಲಿಲ್ಲ.

ಕನಕರಾಜು ಅವತ್ತು ಅದ್ಭುತವಾಗಿ ಆಡಿದ. ಫ್ರೀ ಥ್ರೋ ಮಾತ್ರ ಅವನೂ ಕಳೆದ. ಕೊನೆಗೆ ಗಡಿಯಾರದಲ್ಲಿ ಕೆಲವೇ ಸೆಕೆಂಡುಗಳು, ನಾವು ಒಂದು ಪಾಯಿಂಟ್ ಮುಂದೆ. ನಮ್ಮ ಹುಡುಗರು ಆಗಲೇ ನಗುತ್ತಿದ್ದರು. ನಾನೇ, ಆಟದ ಗಂಧವಿಲ್ಲದ ನಾನೇ, ಗಡಿಯಾರ ನೋಡಿಕೊಂಡು ಸೆಕೆಂಡು ಎಣಿಸುತ್ತಿದ್ದೆ. ಅಷ್ಟರಲ್ಲಿ ನಮ್ಮವನೊಬ್ಬ ಆ ಸಣಕಲನನ್ನು ಕೆಡವಿದ. ರೆಫರಿ ಎರಡು ಫ್ರೀ ಥ್ರೋ ಕೊಟ್ಟರು.

ಹುಡುಗ ಗೆರೆಯ ಮೇಲೆ ನಿಂತ. ಉಸಿರು ಬಿಗಿಹಿಡಿದ. ಮೊಣಕೈ ಹೊರಕ್ಕೆ ಹೋಯಿತು. ಮೇಷ್ಟ್ರ ಬಾಯಿ ತುಂಬಿಯೇ ಇತ್ತು, ನನ್ನ ಕರ್ತವ್ಯದಲ್ಲಿ ಲೋಪವಿಲ್ಲ. ಅವರು ನನ್ನ ಹೆಗಲ ಮೇಲಿದ್ದ ಟವಲನ್ನು ಕಿತ್ತುಕೊಂಡರು, ಬಾಯಲ್ಲಿದ್ದದ್ದನ್ನೆಲ್ಲ ಅದಕ್ಕೆ ಉಗಿದರು, ಬಿಳಿ ಟೀ ಶರ್ಟಿನ ಮೇಲೆ ಕೆಂಪಗೆ ಸುರಿಸಿಕೊಂಡು ಕೂಗಿದರು:

‘ಮೊಣ್ಕೈ ಒಳಕ್ ತಕ್ಕೋ ಮಗ! ಮಂಡಿ ಬಗ್ಸು! ಎದ್ರುಕೋಬ್ಯಾಡ, ಉಸ್ರು ಬುಟ್ಟು ಎಸಿ!’

ರೆಫರಿ ಸೀಟಿ ಊದಿ, ‘ಗುಂಡ್ಲುಪೇಟೆ ಕೋಚ್, ಹುಡುಗನನ್ನ ಗಲಿಬಿಲಿ ಮಾಡ್ಬೇಡಿ’ ಎಂದು ಗದರಿದರು. ಹುಡುಗ ರೆಫರಿಯ ಕಡೆ ತಿರುಗಿ, ‘ಇಲ್ಲ ಸಾ, ಅವ್ರು ಏಳ್ಕೊಡ್ತಾವ್ರ’ ಅಂದ. ಆಮೇಲೆ ಮೊಣಕೈ ಒಳಗೆ ತಂದ. ಮಂಡಿ ಬಗ್ಗಿಸಿದ. ಉಸಿರು ಬಿಟ್ಟ. ಚೆಂಡು ಬುಟ್ಟಿಯ ಬಳೆಗೂ ತಾಗದೆ ಬಲೆಯೊಳಗೆ ಇಳಿಯಿತು. ಎರಡನೆಯದೂ ಹಾಗೇ ಇಳಿಯಿತು. ಉಳಿದ ಗಳಿಗೆಯಲ್ಲಿ ಕನಕರಾಜು ದೂರದಿಂದ ಎಸೆದದ್ದು ಬೋರ್ಡಿನ ಹತ್ತಿರವೂ ಸುಳಿಯಲಿಲ್ಲ. ನಾವು ಸೋತೆವು.

ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಹುಡುಗರು ಒಂದು ಮೂಲೆಯಲ್ಲಿ ಕೂತರು, ಮೇಷ್ಟ್ರು ಇನ್ನೊಂದು ಮೂಲೆಯಲ್ಲಿ. ಮಧ್ಯೆ ನಾನು ಎರಡೂ ಕಡೆಗೆ ಕಡಲೆಕಾಯಿ ಹಂಚಲು ಹೋಗಿ ಎರಡೂ ಕಡೆ ಬೈಸಿಕೊಂಡೆ. ನನಗೂ ಕೋಪ ಬಂದಿತ್ತು. ಒಂದು ಗೆಲುವನ್ನು ಬಾಯಿಯವರೆಗೆ ತಂದುಕೊಟ್ಟರೆ ಉಗಿದುಬಿಟ್ಟರಲ್ಲ ಈ ಮನುಷ್ಯ ಎಂದು ಅಲ್ಲೇ ಬೈದುಬಿಡಬೇಕೆನ್ನಿಸಿತ್ತು.

ನನಗಿಂತ ಮೊದಲು ಕನಕರಾಜು ಎದ್ದ. ಕಣ್ಣುಗಳು ಕೆಂಪಾಗಿದ್ದವು. ಮೇಷ್ಟ್ರ ಎದುರಿಗೆ ಬಂದು ನಿಂತ.

‘ಸಾ, ನಿಮ್ಗ ಗೆಲ್ಬೇಕು ಅಂತ ಇರ್ನಿಲ್ವಾ?’

‘ಇತ್ತು ಕಣ್ಲಾ. ನಿನ್ಗಿಂತ ಜಾಸ್ತಿ ಇತ್ತು.’

‘ಮತ್ಯಾಕ್ ಸಾ ಅವ್ನಿಗ ಏಳ್ಕೊಟ್ರಿ?’

ಮೇಷ್ಟ್ರು ತಲೆ ಎತ್ತಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸೋತ ದುಃಖ ಎಂದುಕೊಂಡೆ. ಆದರೆ ಕೆಂಪು ತುಟಿಯ ಮೇಲೆ ಇದ್ದದ್ದು ನಗು. ಅಂಥ ನಗುವನ್ನು ಅವರ ಮುಖದಲ್ಲಿ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

‘ಮೂರ್ ವರ್ಸದಿಂದ ನಿಂಗ ಏಳ್ತಾ ಇವ್ನಿ, ಮೊಣ್ಕೈ ಒಳಕ್ ತಕ್ಕೋ ಅಂತ. ನೀ ಕೇಳ್ನಿಲ್ಲ. ನಿನ್ಗಿಂತ ಮೊದ್ಲಿದ್ ಐಕ್ಳೂ ಕೇಳ್ನಿಲ್ಲ. ಆ ಸಣಕಲ್ ಐದ ಒಂದೇ ಸಲಕ್ಕ ಕೇಳ್ಬುಟ್ಟ ಕಣ್ಲಾ ಕನಕರಾಜು. ಒಂದೇ ಸಲಕ್ಕ!’

ಬೈಯುವುದಕ್ಕೆ ನನ್ನ ಬಾಯಲ್ಲಿ ಇದ್ದದ್ದೆಲ್ಲ ಎಲ್ಲಿ ಹೋಯಿತೋ. ಕನಕರಾಜು ಬ್ಯಾಗನ್ನು ಕೆಳಗಿಟ್ಟ. ಬಲಗೈ ಎತ್ತಿ, ಇಲ್ಲದ ಚೆಂಡನ್ನು ಹಿಡಿದ ಹಾಗೆ ಮಾಡಿ, ‘ಇಂಗಾ ಸಾ?’ ಅಂದ.

‘ಇನ್ನೂ ಒಳಕ್ಕ’ ಎಂದು ಮೇಷ್ಟ್ರು ಕಣ್ಣನ್ನೂ ಒರೆಸಿಕೊಳ್ಳದೆ ಎದ್ದು ಅವನ ಮೊಣಕೈ ಹಿಡಿದುಕೊಂಡರು. ಗುಂಡ್ಲುಪೇಟೆಯ ಬಸ್ಸು ಬಂದು ನಿಂತಿತು. ಅವರಿಬ್ಬರನ್ನು ಕರೆಯಲು ನನಗೆ ಮನಸ್ಸಾಗಲಿಲ್ಲ.