ಕಾರಿನ ಗೀರು, ಗಿರಣಿಯ ಕಾಕಾ

ಮೂಡಲಗಿಯ ನಮ್ಮ ಓಣಿಯ ಹಿಟ್ಟಿನ ಗಿರಣಿ ನಡೆಸುವ ಕಾಕಾ ಅವರಿಗೂ ನನಗೂ ಮೊದಲಿನಿಂದಲೇ ಆಗಿಬರುತ್ತಿರಲಿಲ್ಲ. ನಾನು ಕಡುನೀಲಿ ಕಾರು ಕೊಂಡ ಮೇಲೆ ಅದು ದಿನದ ಜಗಳವಾಯಿತು. ಗಿರಣಿಯ ಪಕ್ಕ ನಿಲ್ಲಿಸಿದ ಕಾರು ಗಿರಾಕಿಗಳಿಗೆ ಅಡ್ಡ ಎಂದು ಅವರು, ಗಿರಣಿಯ ಧೂಳು ನನ್ನ ಕಾರಿನ ಮೇಲೆ ಎಂದು ನಾನು. ಕೌಜಲಗಿಯ ಶಾಲೆಗೆ ಪಾಠ ಮಾಡಲು ಹೊರಡುವ ಮುನ್ನ, ಅವರಿಗೆ ಕಾಣುವಂತೆಯೇ, ಹಳೆಯ ಟವೆಲಿನಿಂದ ಕಾರನ್ನು ತಿಕ್ಕಿ ತಿಕ್ಕಿ ಒರೆಸುತ್ತಿದ್ದೆ.

ಒಂದು ಶನಿವಾರ ಹಾಗೆ ಒರೆಸುವಾಗ ಎಡಬದಿಯಲ್ಲಿ ಉದ್ದನೆಯ ಗೀರು ಕಂಡಿತು, ಮುಂದಿನ ಬಾಗಿಲಿನಿಂದ ಹಿಂದಿನ ದೀಪದವರೆಗೆ. ಅವರು ಗಿರಣಿಯ ಕಟ್ಟೆಯ ಮೇಲೆ ಕೀಲಿಗೊಂಚಲು ತಿರುಗಿಸುತ್ತ ಕೂತಿದ್ದರು. ನನಗೆ ಅಷ್ಟೇ ಸಾಕಾಯಿತು.

"ಕಾಕಾ, ನನ್ನ ಗಾಡಿ ಗೀಚಿ ಎಷ್ಟು ಆರಾಮ ಕುಂತೀರಲ್ಲ! ನಾಚಿಕಿ ಆಗೂದಿಲ್ಲೇನು?"

ಜೋಳ ಬೀಸಿಸಲು ಬಂದ ಹೆಂಗಸರೆಲ್ಲ ತಿರುಗಿ ನೋಡಿದರು.

"ನಾಲಿಗಿ ಬಿಗಿ ಹಿಡದು ಮಾತಾಡ್ರಿ. ಸಿಟ್ಟು ಬಂದ್ರ ಎದುರಿಗೇ ಬೈತೇನಿ. ಕದ್ದು ಗೀಚೂ ಮಂದಿ ನಾವಲ್ಲ."

"ನೀವು ಎಂಥಾ ಮಂದಿ ಅನ್ನೂದು ಓಣಿಗೆಲ್ಲಾ ಗೊತ್ತೈತಿ."

ಹಾಗೆ ಅಂದಾಗ ನನಗೆ ಹಿತವೆನಿಸಿತ್ತು.

ಮರುದಿನ ಗೋಕಾಕಿನಲ್ಲಿ ಲಾರಿ, ಕಾರುಗಳಿಗೆ ಬಣ್ಣ ಹಚ್ಚುವ ಬಿಳಿಗಡ್ಡದ ಚಾಚಾ ಒಬ್ಬರ ಬಳಿ ಹೋದೆ. ಅವರು ಗೀರಿನ ಮೇಲೆ ಅಡ್ಡಡ್ಡ ಉಗುರು ಎಳೆದರು.

"ಉಗುರು ಸಿಕ್ಕೊಳ್ಳತೈತ್ರಿ ಅಕ್ಕಾರ, ಗೀರು ಆಳ ಐತಿ. ಬರೇ ಪಾಲಿಶಿಗೆ ಹೋಗೂದಿಲ್ಲ." ಆಮೇಲೆ ಬಾಗಿಲ ಹಿಡಿಕೆಯ ಸಂದಿಯಿಂದ ಒಣಗಿದ ಕಬ್ಬಿನ ಗರಿಯೊಂದನ್ನು ಎಳೆದು ತೆಗೆದರು. "ಕಬ್ಬಿನ ಟ್ರೇಲಿ ಬಾಜೂಕ ಹಾದೀರೇನು? ಅದರ ಕಬ್ಬಿಣದ ಸಳಿ ತಾಗಿರಬೇಕು."

ಶುಕ್ರವಾರ ಸಂಜೆ ಕೌಜಲಗಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರನ್ನು ಹಿಂದಿಕ್ಕುವ ಅವಸರದಲ್ಲಿ ಕೇಳಿದ ಕರ್ ಎಂದ ಸದ್ದು ನೆನಪಾಯಿತು. ಬರೀ ಗರಿ ಸವರಿತೆಂದುಕೊಂಡು ಮರೆತಿದ್ದೆ.

ಚಾಚಾ ಅಷ್ಟಕ್ಕೇ ಬಿಡಲಿಲ್ಲ. ಬಿಸಿಲಿನಲ್ಲಿ ಬಾನೆಟ್ ಮೇಲಿನ ಜೇಡರಬಲೆಯಂಥ ಸಣ್ಣ ಗೆರೆಗಳನ್ನು ತೋರಿಸಿದರು. "ಇವು ಮಾತ್ರ ನಿಮ್ಮ ಕೈಯಿಂದನ ಆದಾವ್ರಿ. ಒಣ ಅರಿವಿಲೆ ತಿಕ್ಕೀರಿ. ಧೂಳಿನಾಗ ಉಸುಕು ಇರತೈತಿ. ಮೊದಲ ನೀರು ಹೊಡೀರಿ, ಆಮ್ಯಾಲೆ ಮೆತ್ತನ ಅರಿವಿ ಮುಟ್ಟಿಸ್ರಿ."

ನುಣುಪಾದ ಮರಳು ಕಾಗದದಿಂದ ತಿಕ್ಕಿ, ಸಣ್ಣ ಕುಂಚದಿಂದ ಬಣ್ಣ ತುಂಬಿ, ಒಣಗಿದ ಮೇಲೆ ಪಾಲಿಶ್ ಮಾಡಿಕೊಟ್ಟರು. ಗೀರು ಕಾಣದಾಯಿತು. ನನ್ನ ಮುಖ ಮಾತ್ರ ಬಿಸಿಯಾಗಿತ್ತು.

ಊರಿಗೆ ಮರಳಿದಾಗ ಕಾಕಾ ಕಟ್ಟೆಯ ಮೇಲಿದ್ದರು. "ಸಿಕ್ಕನೇನ್ರಿ ಕಳ್ಳ?"

"ಕಬ್ಬಿನ ಟ್ರೇಲಿ ಅಂತ. ಆತು ಬಿಡ್ರಿ."

"ಹೆಂಗ ಬಿಡೂದು? ಬೈದದ್ದು ಮಂದಿ ಮುಂದ. ನಾಳೆ ಅದೇ ಮಂದಿ ಮುಂದ ಇದನ್ನೂ ಹೇಳ್ರಿ."

ನ್ಯಾಯವಾದ ಮಾತೇ. ಆದರೂ ಅವರು ಆಜ್ಞೆ ಮಾಡಿದಂತೆ ಕೇಳಿಸಿ ಮೈ ಉರಿಯಿತು. "ನಾ ಹೇಳಾಂಗಿಲ್ಲ," ಎಂದು ಒಳಗೆ ಹೋಗಿ ಬಾಗಿಲು ದಡಾರನೆ ಹಾಕಿಕೊಂಡೆ.

ಎರಡೇ ದಿನದಲ್ಲಿ ಅವರು ಗಿರಣಿಯ ಮುಂದೆ ಕಾರು ದಾಟದಂತೆ ಕಲ್ಲು ಹುಗಿಸಿದರು. ಕಾರು ಓಣಿಯೊಳಗೆ ಬರುವುದು ನಿಂತಿತು. ಈಗ ಸಂತೆಯ ಬಯಲಲ್ಲಿ ನಿಲ್ಲಿಸುತ್ತೇನೆ, ಜೋಳದ ಡಬ್ಬಿಯನ್ನು ದೂರದ ಗಿರಣಿಗೆ ಹೊರುತ್ತೇನೆ. ಎದುರು ಸಿಕ್ಕಾಗ ಅವರು ಉಗುಳಿ ಮುಂದೆ ಹೋಗುತ್ತಾರೆ. ನಾನೂ ಮುಖ ತಿರುಗಿಸುತ್ತೇನೆ.